ಪೀಠಿಕೆಯಲ್ಲೇ ಸಿಕ್ಕಿಕೊಂಡವರಿಗೆ

ನನ್ನ ಚಿಕ್ಕಪ್ಪನ ಮಗ ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಾನೆ. ಹೋದ ವರ್ಷ ಅವನು ಓದಿದ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತರೋಣ ಅಂದರು. ಇವನ ಪಾಲಿಗೆ ಬಂದ ವಿಷಯ ನಮ್ಮೂರಿನ ಆಲೆಮನೆ. ಎರಡು ಪುಟ ಬರೆದರೆ ಸಾಕು. ಆಲೆಮನೆ ಇದ್ದದ್ದೇ ಅವರಪ್ಪನದು. ಇವನು ಬೆಳೆದದ್ದೇ ಆ ಹೊಗೆಯಲ್ಲಿ. ಇವನಿಗಿಂತ ಚೆನ್ನಾಗಿ ಇನ್ಯಾರು ಬರೀತಾರೆ, ಅಲ್ವಾ?

ಒಂದು ತಿಂಗಳಾದರೂ ಬರಹ ಆಗಲಿಲ್ಲ. ಮೈಸೂರಿಗೆ ಬಂದಾಗ ನನ್ನ ಮುಂದೆ ಒಂದು ನೋಟ್‌ಬುಕ್ ಇಟ್ಟ. ಏಳು ಹಾಳೆ ಖರ್ಚಾಗಿತ್ತು. ಏಳರಲ್ಲೂ ಅದೇ ತಲೆಬರಹ. ಅದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದು 'ಪೀಠಿಕೆ' ಅಂತ ಬರೆದಿದ್ದ. ಅದರ ಕೆಳಗೆ ಒಂದೂವರೆ ಸಾಲು. 'ಭಾರತವು ಕೃಷಿ ಪ್ರಧಾನವಾದ ದೇಶವಾಗಿದೆ.' ಹೊಡೆದುಹಾಕಿದ್ದ. 'ಬೆಲ್ಲವು ಅನಾದಿ ಕಾಲದಿಂದಲೂ ಮಾನವನ...' ಅದನ್ನೂ ಹೊಡೆದುಹಾಕಿದ್ದ.

"ಏನೂ ಹೊಳೀತಾ ಇಲ್ಲ ಕಣಣ್ಣ" ಅಂದ.

"ಹೋಗ್ಲಿ ಬಿಡು. ಪಾಕ ಬಂತು ಅಂತ ಚಿಕ್ಕಪ್ಪ ಹೆಂಗೆ ಕಂಡುಹಿಡೀತಿದ್ರು, ಅದನ್ನ ಹೇಳು."

ಶುರುವಾಯಿತು ನೋಡಿ. ಚಿಕ್ಕಪ್ಪ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೊಳ್ಳುತ್ತಿದ್ದರಂತೆ. ಕುದಿಯುವ ಪಾಕವನ್ನು ಒಂದು ಚೂರು ತೆಗೆದು ನೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ಗೋಲಿ ಮಾಡಿ, ಕೊಪ್ಪರಿಗೆ ಅಂಚಿಗೆ ಹೊಡೆಯುತ್ತಿದ್ದರಂತೆ. ಮೆತ್ತಗೆ ಅಂಟಿಕೊಂಡರೆ ಇನ್ನೂ ಕಾಯಬೇಕು. ಟಣ್ ಅಂದರೆ ಇಳಿಸೋ ಹೊತ್ತು. ಆ ಒಂದು ಸದ್ದಿಗೆ ಆಳುಗಳೆಲ್ಲ ಮಾತು ನಿಲ್ಲಿಸಿ ಕಾಯುತ್ತಿದ್ದರಂತೆ. "ಅಪ್ಪನ ತೋರುಬೆರಳಿಗೆ ಬಿಸಿ ಅನ್ನೋದೇ ಗೊತ್ತಾಗ್ತಿರಲಿಲ್ಲ ಕಣಣ್ಣ. ಕಾಪಿ ಲೋಟ ಹಂಗೇ ಹಿಡ್ಕಳದು." ಇಪ್ಪತ್ತು ನಿಮಿಷ ಒಂದೇ ಸಮ ಹೇಳಿದ. ನನ್ನ ಕಾಫಿ ಆರಿಹೋಯಿತು.

"ಇದನ್ನೇ ಬರಿ" ಅಂದೆ.

"ಅಯ್ಯೋ, ಇದು ಮಾತು ಕಣಣ್ಣ. ಬರವಣಿಗೆ ಅಂದ್ರೆ ಹಿಂಗಿರಾಕಿಲ್ಲ."

ನಾನು ಇಪ್ಪತ್ತು ವರ್ಷದಿಂದ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಬರೆಯಲು ಆಗದೆ ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬ. ಆದರೆ ಅವನ ಆ ಒಂದು ಮಾತು ಕೇಳಿದ ಮೇಲೆ, ಈ ತೊಂದರೆಯ ಬುಡ ಎಲ್ಲಿದೆ ಅಂತ ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿತು.

ಇಂಗ್ಲಿಷಿನವರು ಇದಕ್ಕೆ ರೈಟರ್ಸ್ ಬ್ಲಾಕ್ ಅಂತಾರೆ. ನಾವೂ ಈಗ ಹಾಗೇ ಅಂತೀವಿ. ಈ ಹೆಸರು ಕೊಟ್ಟವರು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕ, 1947ರಲ್ಲಿ. ಹಸುಗೂಸಾಗಿದ್ದಾಗ ತಾಯಿಹಾಲಿನ ಸುತ್ತ ಹುಟ್ಟಿದ ಮನಸ್ಸಿನ ಗಂಟೇ ಇದಕ್ಕೆ ಕಾರಣ ಅಂತ ಅವರ ವಾದ. ಅಂದರೆ ಲೇಖನ ತಡವಾದರೆ ಅದಕ್ಕೂ ಅಮ್ಮನೇ ಹೊಣೆ! ಆ ವಾದವನ್ನು ಈಗ ಯಾರೂ ಅಷ್ಟಾಗಿ ಹಿಡಿದುಕೊಂಡಿಲ್ಲ. ಹೆಸರು ಮಾತ್ರ ಉಳಿಯಿತು. ಆ ಹೆಸರಿನದೇ ಒಂದು ತೊಂದರೆ ಇದೆ. ಬೇರೆ ಬೇರೆ ರೋಗಗಳಿಗೆಲ್ಲ ಅದು ಒಂದೇ ಚೀಟಿ ಅಂಟಿಸಿಬಿಡುತ್ತದೆ.

ನಮ್ಮ ದಿನದ ಮಾತು ಇದಕ್ಕಿಂತ ಜಾಣ. ಗಮನಿಸಿ ನೋಡಿ. ಒಬ್ಬರು 'ತಲೆ ಓಡ್ತಿಲ್ಲ' ಅಂತಾರೆ. ಇನ್ನೊಬ್ಬರು 'ಕೈ ಓಡ್ತಿಲ್ಲ' ಅಂತಾರೆ. ಮತ್ತೊಬ್ಬರು 'ಮನಸ್ಸೇ ಇಲ್ಲ' ಅಂತಾರೆ. ಈ ಮೂರೂ ಒಂದೇ ಅಲ್ಲ. ತಲೆ ಓಡದವರಿಗೆ ಸರಕು ಸಾಲದು. ಕೈ ಓಡದವರ ಹತ್ತಿರ ಸರಕು ಬೇಕಾದಷ್ಟಿದೆ, ಹಾಳೆಗೆ ಇಳಿಯುತ್ತಿಲ್ಲ. ಮನಸ್ಸಿಲ್ಲದವರ ಕತೆ ಬೇರೆಯೇ. ಒಬ್ಬರ ಔಷಧಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ಕೆಲಸ ಮಾಡುವುದಿಲ್ಲ. ನನ್ನ ತಮ್ಮನಿಗೆ 'ನಾಲ್ಕು ಪುಸ್ತಕ ಓದು, ಸ್ಫೂರ್ತಿ ಬರುತ್ತೆ' ಅಂದಿದ್ದರೆ ಏನಾಗುತ್ತಿತ್ತು? ಇನ್ನೂ ನಾಲ್ಕು ಪೀಠಿಕೆ ಬರೆದು ಹೊಡೆದುಹಾಕುತ್ತಿದ್ದ, ಅಷ್ಟೆ.

ನಾನು ಕಂಡ ಹಾಗೆ ಹೆಚ್ಚಿನವರದು ಕೈ ಓಡದ ತೊಂದರೆ. ಅದನ್ನೇ ಮೊದಲು ನೋಡೋಣ.

1981ರಲ್ಲಿ ಅಮೆರಿಕದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಒಂದು ಲೇಖನ ಪ್ರಕಟಿಸಿದರು. ಅವರ ವಿಧಾನ ಸರಳ. ಬರೆಯಲು ಕೂತವರಿಗೆ, ಬರೆಯುತ್ತಿರುವಾಗಲೇ ತಲೆಯಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂದರು. ಅದನ್ನೆಲ್ಲ ಬರೆದುಕೊಂಡು ನೋಡಿದರು. ಬರೆಯುವಾಗ ತಲೆಯೊಳಗೆ ಮೂರು ಕೆಲಸ ನಡೆಯುತ್ತದೆ. ಏನು ಹೇಳಬೇಕು ಅಂತ ಯೋಚಿಸುವುದು ಒಂದು. ಅದನ್ನು ವಾಕ್ಯ ಮಾಡುವುದು ಇನ್ನೊಂದು. ಬರೆದದ್ದನ್ನು ಓದಿ ತೂಗಿ ತಿದ್ದುವುದು ಮೂರನೆಯದು. ಇವು ಒಂದಾದ ಮೇಲೆ ಒಂದು ಬರುವುದಿಲ್ಲ. ಯಾವಾಗ ಬೇಕಾದರೂ ಒಂದರ ಮೇಲೆ ಇನ್ನೊಂದು ಬಂದು ಬೀಳುತ್ತವೆ.

ಬಿದ್ದರೆ ಬೀಳಲಿ, ಏನಾಯ್ತು? ಜಾಗ ಸಾಲುವುದಿಲ್ಲ. ಮನುಷ್ಯನ ತಲೆ ಒಂದೇ ಹೊತ್ತಿಗೆ ಕೈಯಲ್ಲಿ ಹಿಡಿದುಕೊಳ್ಳಬಲ್ಲದ್ದು ನಾಲ್ಕೋ ಐದೋ ಸಂಗತಿ ಮಾತ್ರ. ಹತ್ತು ಅಂಕಿಯ ಫೋನ್ ನಂಬರನ್ನು ಎರಡು ತುಂಡು ಮಾಡಿ ಹೇಳಿಕೊಳ್ಳುತ್ತೇವಲ್ಲ, ಅದಕ್ಕೇ. ಹೇಳಬೇಕಾದ ವಿಷಯ, ಅರ್ಧ ಕಟ್ಟಿದ ವಾಕ್ಯ, 'ಇದು ಚೆನ್ನಾಗಿಲ್ಲ' ಎನ್ನುವ ಗೊಣಗಾಟ, ಓದುವವರು ಏನಂದುಕೊಳ್ಳುತ್ತಾರೋ ಎನ್ನುವ ಭಯ, ಇಷ್ಟಕ್ಕೇ ತಟ್ಟೆ ತುಂಬಿಹೋಯಿತು. ಅಲ್ಲಿಗೆ ಪೆನ್ನು ನಿಲ್ಲುತ್ತದೆ.

ಕನ್ನಡದಲ್ಲಿ ಬರೆಯುವ ನಮಗೆ ಇದರ ಮೇಲೆ ಇನ್ನೊಂದು ಕೆಲಸ ಇದೆ. ನಾವು ಮಾತಾಡುವ ಕನ್ನಡ ಬೇರೆ, ಬರೆಯುವ ಕನ್ನಡ ಬೇರೆ. ಮಂಡ್ಯದ ಕಡೆಯವರಿಗಂತೂ ಈ ದೂರ ಇನ್ನೂ ಜಾಸ್ತಿ. ನೆನಪು ಬರುವುದು 'ಹೊಗೆ ಕಣ್ಣಿಗೆ ಹೊಡ್ಕಂಡು ನೀರು ಸುರಿಯೋದು' ಅಂತ. ಕೈ ಬರೆಯಲು ಹೋಗುವುದು 'ಧೂಮವು ನೇತ್ರಗಳನ್ನು...' ಅಂತ. ಹೊಗೆಯನ್ನು ಧೂಮ ಮಾಡುವಷ್ಟರಲ್ಲಿ ಕಣ್ಣುರಿ ಮರೆತೇ ಹೋಗಿರುತ್ತದೆ. ನನ್ನ ತಮ್ಮನಿಗೆ ಶಾಲೆಯಲ್ಲಿ ಅಕಾರ ಹಕಾರ ಅದಲುಬದಲಾಗುತ್ತಿತ್ತು. 'ಆಲೆಮನೆ' ಅನ್ನುವುದನ್ನೇ ಒಮ್ಮೆ 'ಹಾಲೆಮನೆ' ಅಂತ ಬರೆದಿದ್ದನಂತೆ. ಅದನ್ನು ಇಡೀ ತರಗತಿಯ ಮುಂದೆ ಓದಿಸಿ ನಗಿಸಿದ್ದರು. ಮೂವತ್ತು ವರ್ಷ ಆಯಿತು. ಈಗಲೂ ಆ ಪದ ಬರೆಯುವಾಗ ಒಂದು ಕ್ಷಣ ಪೆನ್ನು ತಡೆಯುತ್ತದೆ ಅಂದ. ಯಾವ ವಿಷಯ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತೋ, ಅದರ ಮೊದಲ ಅಕ್ಷರದಲ್ಲೇ ಮುಳ್ಳು.

ಇನ್ನು ಪೀಠಿಕೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪ್ರಬಂಧ ಅಂದರೆ ಇದೇ ಅಂತ ನಮ್ಮೆಲ್ಲರಿಗೂ ಕಲಿಸಿದರು. ಪರೀಕ್ಷೆಯಲ್ಲಿ ಅಂಕ ಬರಲಿ ಅಂತ ಕಲಿಸಿದ್ದು, ತಪ್ಪೇನಲ್ಲ. ಆದರೆ ಅದು ಓದುವವರ ಮುಂದಿಡುವ ಕ್ರಮ. ಬರೆಯುವ ಕ್ರಮ ಅಲ್ಲ. ಇದನ್ನು ಯಾರೂ ಹೇಳಲಿಲ್ಲ.

ಇದಕ್ಕೆ ಒಳ್ಳೆಯ ಆಧಾರ ಇದೆ. ಲಾಸ್ ಏಂಜಲೀಸ್‌ನಲ್ಲಿ ಮೈಕ್ ರೋಸ್ ಎನ್ನುವ ಮೇಷ್ಟರು ಹತ್ತು ಜನ ವಿದ್ಯಾರ್ಥಿಗಳನ್ನು ಮಾತಾಡಿಸಿ 1980ರಲ್ಲಿ ಒಂದು ಲೇಖನ ಬರೆದರು. ಐವರಿಗೆ ಬರೆಯಲು ಕೂತರೆ ಕೈ ಕಟ್ಟಿಹೋಗುತ್ತಿತ್ತು. ಉಳಿದ ಐವರು ಆರಾಮಾಗಿ ಬರೆಯುತ್ತಿದ್ದರು. ಬುದ್ಧಿಯಲ್ಲಿ ಯಾರೂ ಕಡಿಮೆ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಅವರು ಇಟ್ಟುಕೊಂಡ ನಿಯಮಗಳಲ್ಲಿ. ಕೈ ಕಟ್ಟಿದವರಲ್ಲಿ ಒಬ್ಬಳಿಗೆ, ಒಂದು ವಾಕ್ಯ ವ್ಯಾಕರಣದ ಪ್ರಕಾರ ಪೂರ್ತಿ ಸರಿಯಾದ ಮೇಲೇ ಮುಂದಿನ ವಾಕ್ಯಕ್ಕೆ ಹೋಗಬೇಕು. ಇನ್ನೊಬ್ಬಳಿಗೆ, ಮೊದಲ ಪ್ಯಾರಾ ಓದುಗರನ್ನು ತಕ್ಷಣ ಹಿಡಿದು ನಿಲ್ಲಿಸಲೇಬೇಕು. ಮತ್ತೊಬ್ಬಳು ದಿನಗಟ್ಟಲೆ ಯೋಜನೆ ಹಾಕಿ ಹಾಕಿ, ಬರೆಯುವ ಹೊತ್ತಿಗೆ ಆ ಯೋಜನೆಯ ತೂಕಕ್ಕೇ ಕುಸಿದು ಕೂರುತ್ತಿದ್ದಳು. ಸರಾಗವಾಗಿ ಬರೆಯುವವರಿಗೂ ನಿಯಮ ಇದ್ದವು. ಆದರೆ ಅವು ಸಡಿಲ. 'ಇದು ಆಗ್ತಿಲ್ವಾ, ಬಿಟ್ಟು ಬೇರೆ ನೋಡು' ಅನ್ನುವಂಥವು. ನನ್ನ ತಮ್ಮನ ಏಳು ಹಾಳೆ ನೆನಪಾಗುತ್ತದೆ ಅಲ್ವಾ?

ಹಾಗಾದರೆ ಏನು ಮಾಡಬೇಕು? ಆಲೆಮನೆಯವರನ್ನೇ ಕೇಳಬೇಕು. ಗಾಣಕ್ಕೆ ಕೊಟ್ಟ ಕಬ್ಬಿನಿಂದ ಬರುವ ಹಾಲು ಚೊಕ್ಕವಾಗಿ ಇರುವುದಿಲ್ಲ. ಮಣ್ಣು, ಸಿಪ್ಪೆಯ ಚೂರು, ಏನೇನೋ ಇರುತ್ತದೆ. ಅಲ್ಲೇ ಕೂತು ಒಂದೊಂದು ಹನಿ ಸೋಸಲು ಹೋದರೆ ಬೆಲ್ಲ ಆದ ಹಾಗೇ. ಅದನ್ನು ಹಾಗೇ ಕೊಪ್ಪರಿಗೆಗೆ ತುಂಬಿ ಬೆಂಕಿ ಹಾಕುತ್ತಾರೆ. ಸುಣ್ಣ ಹಾಕುತ್ತಾರೆ, ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಕಾಯುತ್ತಾ ಕಾಯುತ್ತಾ ಕೊಳೆಯೆಲ್ಲ ತಾನಾಗಿ ನೊರೆ ಕಟ್ಟಿ ಮೇಲೆ ಬರುತ್ತದೆ. ಆಗ ಬಾಚಿ ತೆಗೆಯುತ್ತಾರೆ. ಕಾಯುವ ತನಕ ಕೊಳೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಬರಹದ ತಪ್ಪೂ ಹಾಗೇ. ಎರಡು ಪುಟ ಆಗುವ ತನಕ ಯಾವ ಸಾಲು ಹೆಚ್ಚು, ಯಾವುದು ಸುಳ್ಳು ಅಂತ ತಿಳಿಯುವುದೇ ಇಲ್ಲ. ಪ್ರೂಫ್ ನೋಡುವವನಾಗಿ ಹೇಳುತ್ತೇನೆ, ಹಾಳೆಯ ಮೇಲೆ ಇಲ್ಲದ ತಪ್ಪನ್ನು ತಿದ್ದಲು ನನಗೂ ಬರುವುದಿಲ್ಲ.

ಕೆಲಸ ಒಡೆದು ಹಾಕಬೇಕು, ಅಷ್ಟೆ. ಹಿಂಡುವ ಹೊತ್ತು ಬೇರೆ, ಬಾಚುವ ಹೊತ್ತು ಬೇರೆ. ಇದಕ್ಕೆ ತುಂಬ ಜನ ಬಳಸುವ ಒಂದು ದಾರಿಯನ್ನು ಪೀಟರ್ ಎಲ್ಬೋ ಎನ್ನುವ ಇನ್ನೊಬ್ಬ ಮೇಷ್ಟರು 1973ರಲ್ಲಿ ಪ್ರಚಾರಕ್ಕೆ ತಂದರು. ಫೋನಿನಲ್ಲಿ ಹತ್ತು ನಿಮಿಷ ಅಲಾರಂ ಇಡಿ. ಬರೆಯಲು ಶುರುಮಾಡಿ. ನಿಲ್ಲಿಸಬೇಡಿ, ಹಿಂದಕ್ಕೆ ಹೋಗಿ ಓದಬೇಡಿ, ಕಾಗುಣಿತ ತಪ್ಪಿದರೆ ತಪ್ಪಲಿ. ಏನೂ ಬರಲಿಲ್ಲ ಅಂದರೆ 'ಏನೂ ಬರ್ತಿಲ್ಲ, ಏನೂ ಬರ್ತಿಲ್ಲ' ಅಂತಲೇ ಬರೆಯಿರಿ. ನಾಲ್ಕನೇ ಸಲಕ್ಕೆ ನಿಮಗೇ ಬೇಜಾರಾಗಿ ಬೇರೆ ಏನೋ ಬರುತ್ತದೆ. ಬಂದದ್ದರಲ್ಲಿ ಮುಕ್ಕಾಲು ಭಾಗ ಕಸ. ಇರಲಿ. ಉಳಿದ ಕಾಲು ಭಾಗ ನಿನ್ನೆ ನಿಮ್ಮ ಹತ್ತಿರ ಇರಲಿಲ್ಲ ತಾನೆ?

ತಮ್ಮನಿಗೆ ನಾನು ಅದನ್ನೂ ಹೇಳಲಿಲ್ಲ. ಪೆನ್ನು ಕಂಡರೇ ಅವನಿಗೆ ಆ ಶಾಲೆ ನೆನಪಾಗುತ್ತದೆ. ಫೋನಿನ ರೆಕಾರ್ಡರ್ ಆನ್ ಮಾಡಿ, "ಪಾಕದ ಕತೆ ಇನ್ನೊಂದ್ಸಲ ಹೇಳು" ಅಂದೆ. ಮನೆಗೆ ಹೋಗಿ, ಕೇಳಿಸಿಕೊಂಡು, ಹೇಳಿದ್ದು ಹೇಳಿದ ಹಾಗೇ ಬರೆದುಕೋ. ಪೀಠಿಕೆ ಬೇಡ. ಅಕಾರ ಹಕಾರ ನನಗೆ ಬಿಡು, ನನ್ನ ಹೊಟ್ಟೆಪಾಡೇ ಅದು. ಮಾತಿನ ಕನ್ನಡವನ್ನು ಬರಹದ ಕನ್ನಡ ಮಾಡುವ ಕೆಲಸವನ್ನು ಕೊನೆಗೆ ತಳ್ಳಿದರೆ ಅರ್ಧ ಭಾರ ಇಳಿಯುತ್ತದೆ. ಮಾತಾಡಿದರೆ ಟೈಪ್ ಆಗುವ ಸೌಲಭ್ಯ ಈಗ ಕನ್ನಡಕ್ಕೂ ಇದೆ, ಅದನ್ನೂ ಬಳಸಬಹುದು. ಮಂಡ್ಯದ ಮಾತಿಗೆ ಅದು ಆಗಾಗ ತಬ್ಬಿಬ್ಬಾಗುತ್ತದೆ. ನಕ್ಕು ಮುಂದೆ ಹೋಗಿ. ಇನ್ನೊಂದು ಉಪಾಯ, ಒಬ್ಬರಿಗೆ ಕಾಗದ ಬರೆಯುವ ಹಾಗೆ ಶುರುಮಾಡುವುದು. 'ಅಕ್ಕ, ನಿನಗೆ ನೆನಪಿದೆಯಾ...' ಅಂತ ಹೊರಟರೆ ಅನಾದಿ ಕಾಲ ತಾನಾಗಿ ಬಿಟ್ಟುಹೋಗುತ್ತದೆ. ಆಮೇಲೆ ಅಕ್ಕನನ್ನು ತೆಗೆದುಹಾಕಿದರಾಯಿತು.

ಈಗ ತಲೆ ಓಡದವರು. ಇವರ ತೊಂದರೆ ನಿಜವಾಗಿ ಸರಕಿನದು. ದೇವರಾಜ ಮಾರುಕಟ್ಟೆ ಬಗ್ಗೆ ಬರೆಯಬೇಕು ಅಂತ ಮನೆಯಲ್ಲಿ ಕೂತು 'ಜನಜಂಗುಳಿ, ಹೂವಿನ ಪರಿಮಳ' ಅಂತ ಬರೆದರೆ ಮೂರನೇ ಸಾಲಿಗೆ ಸರಕು ಮುಗಿಯುತ್ತದೆ. ಅಲ್ಲಿಗೆ ಹೋಗಿ ಹೂವಿನವರ ಮುಂದೆ ಹತ್ತು ನಿಮಿಷ ನಿಲ್ಲಿ. ಮಲ್ಲಿಗೆಯನ್ನು ಮೊಳ ಹಾಕುವಾಗ ಯಾರ ಮೊಳ ಚಿಕ್ಕದು, ಯಾರ ಮೊಳ ದೊಡ್ಡದು ನೋಡಿ. 'ನಿಮ್ಮ ಕೈ ಗಿಡ್ಡ' ಅಂತ ಜಗಳಕ್ಕೆ ನಿಂತ ಗಿರಾಕಿಗೆ ಏನು ಉತ್ತರ ಬಂತು, ಕೇಳಿಸಿಕೊಳ್ಳಿ. ಲೇಖನ ಅಲ್ಲಿದೆ.

ಜಾಗ ಮೊದಲು, ಕತೆ ಆಮೇಲೆ. ಇದಕ್ಕೆ ಮೈಸೂರಿನವರು ಮರೆಯಬಾರದ ಒಂದು ಉದಾಹರಣೆ ಇದೆ. ಆರ್.ಕೆ. ನಾರಾಯಣ್ 1930ರಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೇ ದಿನ, ಒಂದು ನೋಟ್‌ಬುಕ್ ತಂದು ಬರೆಯಲು ಕೂತರು. ಏನು ಬರೆಯಬೇಕು ಅಂತ ಗೊತ್ತಿರಲಿಲ್ಲ. ಪೆನ್ನು ಕಚ್ಚುತ್ತಾ ಕೂತಿದ್ದಾಗ ಕಣ್ಣಮುಂದೆ ಬಂದದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್. ಅದೇ ಮಾಲ್ಗುಡಿ. ಕೂತ ಮೇಲೆ ಬಂತು, ಬಂದ ಮೇಲೆ ಕೂರಲಿಲ್ಲ. ಯಾದವಗಿರಿಯಲ್ಲಿ ಅವರ ಮನೆ ಈಗ ಮ್ಯೂಸಿಯಂ ಆಗಿದೆ. ಬರೆಯಲಾಗದ ದಿನ ಅಲ್ಲಿಗೊಮ್ಮೆ ಹೋಗಿಬನ್ನಿ. ಸ್ಫೂರ್ತಿ ಸಿಗದಿದ್ದರೂ ಕೂರುವ ಜಾಗ ಹೇಗಿರಬೇಕು ಅಂತ ಗೊತ್ತಾಗುತ್ತದೆ.

ನಡೆಯುವುದರಿಂದ ಹೊಳೆಯುತ್ತದೆ ಅನ್ನುತ್ತಾರಲ್ಲ, ಅದು ಬರೀ ನಂಬಿಕೆಯಲ್ಲ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿದರು. ಕೂತವರಿಗಿಂತ ನಡೆಯುತ್ತಿದ್ದವರಿಗೆ ಹೊಸ ಹೊಸ ಯೋಚನೆಗಳು ಜಾಸ್ತಿ ಬಂದವು. ಗೋಡೆಗೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಬಂದವು. ಅಂದರೆ ಕೆಲಸ ಮಾಡಿದ್ದು ಕಾಲು, ಹಸಿರಲ್ಲ. ಆದರೆ ಒಂದು ಸರಿಯಾದ ಉತ್ತರ ಹುಡುಕುವ ಲೆಕ್ಕದಲ್ಲಿ ನಡೆಯುವವರು ಸ್ವಲ್ಪ ಹಿಂದೆ ಬಿದ್ದರು. ಹಾಗಾಗಿ ಏನು ಬರೆಯಲಿ ಅನ್ನುವ ಹೊತ್ತಿಗೆ ನಡೆಯಬೇಕು, ತಿದ್ದುವ ಹೊತ್ತಿಗೆ ಕೂರಬೇಕು.

ನನ್ನ ಟ್ರೆಡ್‌ಮಿಲ್ ಕುಕ್ಕರಹಳ್ಳಿ ಕೆರೆ. ಕುವೆಂಪು ಅಡ್ಡಾಡಿದ ಕೆರೆ, ಅದರ ಮೇಲೆ ಅವರು ಪದ್ಯಗಳನ್ನೇ ಬರೆದಿದ್ದಾರೆ. ನನಗೆ ಪದ್ಯ ಬರುವುದಿಲ್ಲ, ಒಂದು ಸುತ್ತಿಗೆ ಒಂದು ಗಂಟೆ ಬೇಕು. ನಾನು ಕಂಡುಕೊಂಡದ್ದು ಒಂದೇ. ಸುಮ್ನೆ ನಡೆದರೆ ಬರುವುದು ಕರೆಂಟ್ ಬಿಲ್ಲಿನ ಯೋಚನೆ. ಹೋಗುವ ಮುಂಚೆ ಅರ್ಧ ಗಂಟೆ ಆ ಬರಹದ ಜೊತೆ ಗುದ್ದಾಡಿ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಒಂದು ಸಾಲಿನಲ್ಲಿ ಬರೆದಿಟ್ಟು ಹೊರಟರೆ, ಪೆಲಿಕಾನ್ ನೋಡುತ್ತಾ ನಿಂತಾಗ ಎಲ್ಲಿಂದಲೋ ಬಂದುಬಿಡುತ್ತದೆ. ಗ್ರಹಾಂ ವಾಲಸ್ ಎನ್ನುವವರು 1926ರಲ್ಲೇ ಇದನ್ನು ನಾಲ್ಕು ಹಂತ ಮಾಡಿ ಹೇಳಿದ್ದರು. ಮೊದಲು ತಯಾರಿ, ಆಮೇಲೆ ಕಾವು ಕೂರುವುದು, ಆಮೇಲೆ ಹೊಳೆಯುವುದು, ಕೊನೆಗೆ ಸರಿಯಾಗಿದೆಯಾ ಅಂತ ನೋಡುವುದು. ಮೊಟ್ಟೆಯೇ ಇಲ್ಲದೆ ಕಾವು ಕೂತರೆ ಏನು ಬಂತು?

ಮನಸ್ಸೇ ಇಲ್ಲ ಅನ್ನುವವರಿಗೆ ನಾನು ಉಪಾಯ ಹೇಳುವುದಿಲ್ಲ. ದಣಿವಾಗಿದ್ದರೆ ಮಲಗಿ. ಬರೀ ಬರವಣಿಗೆ ಅಲ್ಲ, ಊಟ, ನಿದ್ದೆ, ಜನರ ಜೊತೆ ಮಾತು, ಯಾವುದೂ ಬೇಡ ಅನ್ನಿಸುತ್ತಾ ವಾರಗಳೇ ಕಳೆದಿದ್ದರೆ ಅದು ಬರಹದ ತೊಂದರೆಯಲ್ಲ. ಡಾಕ್ಟರ ಹತ್ತಿರ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಒಂದು ವಾದ ಉಳಿಯುತ್ತದೆ. ಸ್ಫೂರ್ತಿ ಬಂದಾಗ ಬರೆಯಬೇಕಾ, ಬರದಿದ್ದರೂ ಕೂರಬೇಕಾ? ರಾಬರ್ಟ್ ಬಾಯ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಬರೆಯಲಾಗದೆ ಒದ್ದಾಡುತ್ತಿದ್ದ ಕಾಲೇಜು ಮೇಷ್ಟರುಗಳ ಮೇಲೆ ಇದನ್ನು ಪ್ರಯೋಗ ಮಾಡಿದರು. ಒಂದು ಗುಂಪಿಗೆ ತೀರಾ ಅಗತ್ಯ ಬಿದ್ದರೆ ಹೊರತು ಬರೆಯಬೇಡಿ ಅಂದರು. ಇನ್ನೊಂದಕ್ಕೆ ಮನಸ್ಸು ಬಂದಾಗ ಬರೆಯಿರಿ ಅಂದರು. ಮೂರನೆಯವರು ಗೊತ್ತು ಮಾಡಿದ ಹೊತ್ತಿಗೆ ಬರೆಯಲೇಬೇಕು. ತಪ್ಪಿಸಿದರೆ ತಮಗೆ ಕಂಡರಾಗದ ಒಂದು ಸಂಸ್ಥೆಗೆ ದುಡ್ಡು ಕಳಿಸಬೇಕು! ಬಲವಂತಕ್ಕೆ ಬರೆದವರು ಹೆಚ್ಚು ಪುಟ ಬರೆದರು, ಅದು ಆಶ್ಚರ್ಯ ಅಲ್ಲ. ಹೊಸ ಯೋಚನೆ ಬಂದದ್ದೂ ಅವರಿಗೇ ಜಾಸ್ತಿ. ಅವರಿಗೆ ದಿನಕ್ಕೊಂದು ಹೊಳೆದರೆ, ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೇ ಇದ್ದವರಿಗೆ ಐದು ದಿನಕ್ಕೊಂದು. ಹೊಳೆಯಲಿ ಅಂತ ಕಾಯುತ್ತಾ ಕೂತವರಿಗೇ ಕಡಿಮೆ ಹೊಳೆದಿದೆ. ನನಗೆ ಇದನ್ನು ಓದಿ ಕೋಪ ಬಂತು. ಎಷ್ಟು ವರ್ಷ ಕಾದಿದ್ದೆ ನಾನು!

ತಮ್ಮ ಬಾಯ್ಸ್ ಹೆಸರು ಕೇಳಿಲ್ಲ. ಅವನ ಬಲವಂತ ಬೇರೆ. ಅವನ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ, ಎಷ್ಟು ಹೊತ್ತಿಗೆ ಅಂತ ನಂಬುವ ಹಾಗಿಲ್ಲ. ಮೋಟಾರ್ ಮನೆ ಜಗಲಿ ಮೇಲೆ ಕಾಯುತ್ತಾ ಕೂರಬೇಕು. ಆಲೆಮನೆ ಲೇಖನ ಅಲ್ಲೇ ಮುಗಿಸಿದ, ಫೋನಿನಲ್ಲೇ. ಸಂಚಿಕೆಯಲ್ಲಿ ಅದು ಶುರುವಾಗುವುದು 'ಟಣ್ ಅಂದರೆ ಇಳಿಸಬೇಕು' ಅಂತ. ನಾನು ಎರಡು ಕಡೆ ಹಕಾರ ಹಾಕಿದೆ, ಅಷ್ಟೆ.

ಈಗ ಅವನಿಗೆ ಅಭ್ಯಾಸ ಆಗಿಹೋಗಿದೆ. ಮೊನ್ನೆ ರಾತ್ರಿ ಎರಡೂ ಕಾಲಿಗೆ ವಾಟ್ಸಾಪಿಗೆ ಇನ್ನೊಂದು ಬರಹ ಬಂತು. ಅವರಮ್ಮ ಗಾಣಕ್ಕೆ ಎತ್ತು ಹೂಡುತ್ತಿದ್ದ ದಿನಗಳದ್ದು. ಅರ್ಧಕ್ಕೆ ನಿಂತಿತ್ತು. 'ಅವ್ವ ಬಲಗಡೆ ಎತ್ತಿನ ಕಿವಿ ಹತ್ರ ಬಾಯಿ ಇಟ್ಟು ಏನೋ ಹೇಳೋಳು. ಅದು' ಅಲ್ಲಿಗೆ ಸಾಲು ತುಂಡು. ಕೆಳಗೆ ಬೇರೆ ಮೆಸೇಜು: 'ಕರೆಂಟ್ ಬಂತು ಕಣಣ್ಣ. ನಾಳೆ.'